ಕಣ್ಣು ಮಿಟುಕಿಸಿ

ಮಗಳ ಮೂಗಿನ ಕೆಳಗೆ ಮೀಸೆಯಿತ್ತು.

ಹುಬ್ಬು ತೀಡುವ ಪೆನ್ಸಿಲಿನಲ್ಲಿ ಬರೆದದ್ದು. ಉಜ್ಜಿ ತೆಗೆಯಲು ಹೋಗಿ ಗಲ್ಲದ ತನಕ ಕಪ್ಪು ಹರಡಿತ್ತು. ಸ್ಟುಡಿಯೋ ಕೆಲಸ ಮುಗಿಸಿ ಬಂದ ತಾಯಿ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಳು. ಹದಿಮೂರರ ಹುಡುಗಿ ಅಪ್ಪನ ಟೋಪಿ ಹಾಕಿಕೊಂಡು, ಫೋನನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು.

"ಇದೇನೇ ಕಡ್ಡಿ, ನಾಟಕಾನಾ?"

"ಕಡ್ಡಿ ಅನ್ಬೇಡ. ಅದು ಅಪ್ಪ ಅನ್ನೋದು."

ಆಮೇಲೆ ಒಂದೊಂದಾಗಿ ಬಾಯಿಬಿಟ್ಟಳು. ಎರಡು ವರ್ಷದ ಹಿಂದೆ ಅಪ್ಪನೇ ತನ್ನ ಹೆಸರು, ತನ್ನ ಗುರುತಿನ ಕಾರ್ಡು ಕೊಟ್ಟು ಅವಳ ಫೋನಿನಲ್ಲೊಂದು ಮೆಸೇಜಿನ ಖಾತೆ ತೆರೆದುಕೊಟ್ಟಿದ್ದ. ಅಮ್ಮನಿಗೆ ಗೊತ್ತಾದರೆ ಇಬ್ಬರ ಬೆನ್ನಿಗೂ ಬೀಳುತ್ತೆ ಎಂದು ಮಾತಾಗಿತ್ತು. ಅವನು ಲಿಫ್ಟ್ ರಿಪೇರಿಯವನು. ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ಕೂತು, ಕೆಲಸದ ಫೋನಿನಿಂದ ಮಗಳಿಗೆ ದನಿ ರೆಕಾರ್ಡು ಮಾಡಿ ಕಳಿಸುತ್ತಿದ್ದ. 'ಕಡ್ಡಿ, ಈಗ ಏಳನೇ ಮಹಡಿ. ಇಲ್ಲೊಬ್ಬ ಅಜ್ಜ ಲಿಫ್ಟ್ ಕೆಟ್ಟಿದೆ ಅನ್ನೋ ಬೋರ್ಡನ್ನ ಗಟ್ಟಿಯಾಗಿ ಓದಿ, ಮತ್ತೆ ಗುಂಡಿ ಒತ್ತುತಾನೇ ಇದಾನೆ.' ಹೀಗೆ ಇನ್ನೂರಕ್ಕೂ ಹೆಚ್ಚು.

ಒಂಬತ್ತು ತಿಂಗಳ ಹಿಂದೆ, ಎಲ್ಲ ಲಿಫ್ಟುಗಳೂ ಸರಿಯಿದ್ದ ಒಂದು ಕಟ್ಟಡದಲ್ಲಿ, ಎದೆ ಹಿಡಿದುಕೊಂಡು ಅವನು ಕುಸಿದ. ಕೆಲಸದ ಫೋನನ್ನು ಕಂಪನಿ ವಾಪಸು ಪಡೆದು, ಅದರಲ್ಲಿದ್ದುದನ್ನೆಲ್ಲ ಅಳಿಸಿ, ಇನ್ನೊಬ್ಬನಿಗೆ ಕೊಟ್ಟಿತು. ದನಿ ಉಳಿದದ್ದು ಮಗಳ ಖಾತೆಯೊಂದರಲ್ಲೇ. ಹೆಂಡತಿಗೆ ಅವನು ದನಿ ಕಳಿಸಿದವನಲ್ಲ. ಅವಳ ಫೋನಿನಲ್ಲಿರುವುದು ಒಂದೇ ಸಾಲು, ನೂರಾರು ಸಲ: ತಡ ಆಗುತ್ತೆ, ಉಂಡುಬಿಡು.

ಈ ತಿಂಗಳ ಒಂದನೇ ತಾರೀಕಿನಿಂದ ಹೊಸ ಕಾನೂನು. ಹದಿನಾರು ತುಂಬದವರಿಗೆ ಖಾತೆಯಿಲ್ಲ. ತುಂಬಿದವರು ಕಾರ್ಡು ತೋರಿಸಬೇಕು, ಮುಖ ತೋರಿಸಬೇಕು, ಹೇಳಿದಾಗ ಕಣ್ಣು ಮಿಟುಕಿಸಬೇಕು. ಮೂರು ಅವಕಾಶ, ಏಳು ದಿನ. ಅಲ್ಲಿಯತನಕ ಖಾತೆಗೆ ಬೀಗ, ತಪ್ಪಿದರೆ ಖಾತೆಯೇ ಇಲ್ಲ. ಮಗಳು ಮೀಸೆ ಬರೆದುಕೊಂಡು ಒಂದು ಅವಕಾಶ ಕಳೆದಿದ್ದಳು.

ಮರುದಿನ ತಾಯಿ ಸಹಾಯವಾಣಿಗೆ ಫೋನು ಮಾಡಿದಳು.

"ಖಾತೆದಾರರು ತೀರ್ಕೊಂಡಿದಾರಾ ಮೇಡಂ? ಹಾಗಾದ್ರೆ ಮುಚ್ಚಿಬಿಡ್ತೀವಿ."

"ಮುಚ್ಚೋದು ಬೇಡ. ಅದರಲ್ಲಿ ಇರೋದನ್ನ ಒಂದ್ಸಲ ತೆಕ್ಕೊಂಡ್ರೆ ಸಾಕು. ನನ್ನ ಮಗಳು ಅದನ್ನ..."

"ಮಗಳು ಬಳಸ್ತಿದ್ರಾ? ವಯಸ್ಸೆಷ್ಟು?"

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಹೆತ್ತವರೇ ಹೀಗೆ ಮಾಡಿದ್ರೆ ಹೇಗೆ ಮೇಡಂ? ಮಕ್ಕಳ ಜವಾಬ್ದಾರಿ ಯಾರದ್ದು? ಖಾತೆಯ ಹೆಸರು ಹೇಳಿ."

ಅವಳು ಫೋನು ಇಟ್ಟಳು.

ಸ್ಟುಡಿಯೋದಲ್ಲಿ ಸಾಲು ಬೀದಿಗೆ ಬಂದಿತ್ತು. ಕಾರ್ಡಿನ ಹಳೆಯ ಚಿತ್ರಕ್ಕೂ ಈಗಿನ ಮುಖಕ್ಕೂ ತಾಳೆಯಾಗದವರೆಲ್ಲ ಹೊಸ ಫೋಟೋಗೆ ಬಂದಿದ್ದರು. ಯಜಮಾನರಿಗೆ ಖುಷಿಯೋ ಖುಷಿ. "ವಯಸ್ಸು ಕೇಳಿದ್ರೆ ಮುಖ ತಿರುಗಿಸ್ತಿದ್ದೋರೆಲ್ಲ ಇವತ್ತು ನಾ ಮೊದಲು ತಾ ಮೊದಲು ಅಂತ ತೋರಿಸ್ತಿದಾರೆ ನೋಡಮ್ಮ. ನನ್ನ ಬೋಳುತಲೆ ಒಂದಕ್ಕೆ ಮಾತ್ರ ಯಾವ ಸಾಕ್ಷೀನೂ ಬೇಡ."

ಚಿತ್ರ ತಿದ್ದುವುದು ಅವಳ ಕೆಲಸ. ಮೊಡವೆ, ಸುಕ್ಕು, ಕಣ್ಣಡಿಯ ಕಪ್ಪು, ಎಲ್ಲವೂ ಅವಳ ಕೈಯಲ್ಲಿ ಮಾಯ. ಗಂಡ ಹೋದ ಮೂರನೆಯ ದಿನ ಗೋಡೆಗೆ ಹಾಕುವ ಪಟವನ್ನೂ ಅವಳೇ ತಿದ್ದಿದ್ದಳು. ಲಿಫ್ಟಿನ ಹಗ್ಗದ ಎಳೆ ಸಿಡಿದು ಹುಬ್ಬಿನ ಮೇಲಾಗಿದ್ದ ಗಾಯದ ಗೆರೆಯನ್ನು ತೆಗೆದಳು. ಕಣ್ಣಡಿಯ ಚೀಲಗಳನ್ನು, ಮೂಗಿನ ಬದಿಯ ಕಪ್ಪನ್ನು ತೆಗೆದಳು. ತಿದ್ದಿದ್ದನ್ನು ಮೂಲದ ಮೇಲೆಯೇ ಉಳಿಸುವುದು ಅಲ್ಲಿನ ರೂಢಿ. ಇಲ್ಲದಿದ್ದರೆ ಕಂಪ್ಯೂಟರು ತುಂಬಿಹೋಗುತ್ತದೆ ಎಂದು ಯಜಮಾನರು ಬೈಯುತ್ತಿದ್ದರು. ಕೈಗೆ ರೂಢಿಯಾದದ್ದನ್ನು ಕೈ ಮಾಡಿತ್ತು. ಕಾರ್ಡಿನ ಮೇಲಿನ ಉಗುರಿನಷ್ಟು ಚಿತ್ರ ಬಿಟ್ಟರೆ ಮುಖ ಕಾಣುವ ಬೇರೆ ಚಿತ್ರವಿರಲಿಲ್ಲ. ಉಳಿದವುಗಳಲ್ಲೆಲ್ಲ ಅವನು ಹೆಲ್ಮೆಟ್ಟಿನ ಕೆಳಗಿದ್ದ.

ಏಳನೆಯ ದಿನ ಯಜಮಾನರು ಊಟಕ್ಕೆ ಹೋದಾಗ, ಶಾಲೆಗೆ ಹೋಗದೆ ಉಳಿದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಪಟದ ಚಿತ್ರವನ್ನು ತೆರೆದಳು. ಚಿತ್ರಕ್ಕೆ ಚಲನೆ ಕೊಡುವ ಪ್ರೋಗ್ರಾಂ ಸ್ಟುಡಿಯೋದಲ್ಲಿತ್ತು. ಹತ್ತು ನಿಮಿಷ ಹಿಡಿಯಿತು. ಗಂಡ ಕಣ್ಣು ಮಿಟುಕಿಸಿದ.

ಮಗಳು ಕುರ್ಚಿಯ ಅಂಚು ಹಿಡಿದುಕೊಂಡಳು.

"ಅಪ್ಪ ಹೀಗೆ ಮಿಟುಕಿಸ್ತಿರ್ಲಿಲ್ಲ."

"ಮತ್ತೆ ಹೇಗೆ?"

"ಗೊತ್ತಿಲ್ಲ. ಹೀಗಲ್ಲ."

ಫೋನನ್ನು ಪರದೆಯೆದುರು ಹಿಡಿದರು. ಮುಖಕ್ಕೂ ಕಾರ್ಡಿಗೂ ಹೊಂದಿಕೆಯಾಗುತ್ತಿಲ್ಲ ಎಂದಿತು. ಹೇಗಾದೀತು? ಕಾರ್ಡಿನಲ್ಲಿದ್ದವನು ದಣಿದಿದ್ದ, ಹುಬ್ಬು ಹರಿದಿತ್ತು. ಪರದೆಯ ಮೇಲಿದ್ದವನು ಒಂದು ದಿನವೂ ದುಡಿದವನ ಹಾಗಿರಲಿಲ್ಲ.

ಅವಳು ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು, ತೆಗೆದದ್ದನ್ನೆಲ್ಲ ಮರಳಿ ಬರೆದಳು. ಒಂದು ಗೆರೆ, ಎರಡು ಚೀಲ, ಮೂಗಿನ ಬದಿಯ ಕಪ್ಪು. ಮುಖಗಳಿಂದ ಅಳಿಸಿಯೇ ಅಭ್ಯಾಸ, ಬರೆದು ಗೊತ್ತಿರಲಿಲ್ಲ. ಮೂರನೆಯ ಸಲ ಹಿಡಿದರು.

ಫೋನು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಬಂದದ್ದನ್ನು ಮಗಳು ಗಟ್ಟಿಯಾಗಿ ಓದಿದಳು. "ಈ ಮುಖವನ್ನು ತಿದ್ದಲಾಗಿದೆ. ಖಾತೆಯನ್ನು ಅದರಲ್ಲಿರುವ ಎಲ್ಲದರೊಂದಿಗೆ ಅಳಿಸಲಾಗಿದೆ. ಸಲ್ಲಿಸಿದ ಮುಖಗಳನ್ನು ಭದ್ರತೆಗಾಗಿ ಮೂರು ವರ್ಷ ಕಾಪಾಡಲಾಗುವುದು."

"ಯಾವ ಮುಖ ಅಮ್ಮಾ?"

"ಮೂರೂ. ನಿನ್ನ ಮೀಸೇದೂ ಸೇರಿ."

ಮಗಳು ನಗಲಿಲ್ಲ. ಫೋನನ್ನು ಬೋರಲಾಗಿ ಇಟ್ಟಳು. ಹೊರಗೆ ಸಾಲಿನವರು ಬಾಗಿಲು ತಟ್ಟತೊಡಗಿದ್ದರು.

"ಆ ಅಜ್ಜಂದು ಹೇಳು," ಎಂದಳು ತಾಯಿ. "ಏಳನೇ ಮಹಡೀದು. ನಾನು ಕೇಳೇ ಇಲ್ಲ."

"ಗುಂಡಿ ಒತ್ತುತಾನೇ ಇದ್ದ."

"ಆಮೇಲೆ?"

"ಆಮೇಲೆ ಅಪ್ಪ ನಕ್ಕ. ಹೇಗೆ ಅಂದ್ರೆ..."

ಹುಡುಗಿ ಗಂಟಲು ದಪ್ಪ ಮಾಡಿ ನಕ್ಕು ತೋರಿಸಿದಳು. ಸರಿಬರಲಿಲ್ಲ. ಇನ್ನೊಂದು ಸಲ ನಕ್ಕಳು, ಮತ್ತೂ ಒಂದು ಸಲ. ಪ್ರತಿ ಸಲವೂ ಅದು ಹದಿಮೂರು ವರ್ಷದ ಹುಡುಗಿಯ ನಗುವೇ ಆಗಿತ್ತು.