ಗಿರಣಿಯ ಮಾತು

ಕೇಳಿಸುವ ಯಂತ್ರ ಕಿವಿಯಲ್ಲಿ ಕೂತ ಕ್ಷಣದಲ್ಲೇ ತಾಯಿ ಪದ್ಯ ನಿಲ್ಲಿಸಿಬಿಟ್ಟಳು. ಕಾಡಿನಲ್ಲಿ ದಾರಿ ತಪ್ಪಿದ ರಾಜ ಎಲ್ಲೋ ಹರಿಯುವ ನೀರಿನ ಸಪ್ಪಳಕ್ಕೆ ಕಿವಿಗೊಟ್ಟು ನಿಂತಿದ್ದ. ಆ ಸಾಲಿನ ನಟ್ಟನಡುವೆಯೇ, ಯಾರೋ ಕರೆದರೆಂದು ಎದ್ದು ಹೋದವಳ ಹಾಗೆ ಅವಳು ಸುಮ್ಮನಾದಳು. ಆ ಜಾಗಕ್ಕೆ ಫ್ಯಾನಿನ ಗರಗರ, ಕುರ್ಚಿಯ ಕಿರಕಿರ, ಹೊರಗಿನ ಬೆಂಚಿನಲ್ಲಿ ಯಾರದೋ ಕೆಮ್ಮು ಒಟ್ಟಿಗೆ ನುಗ್ಗಿದವು. ಮುದುಕ ನೇಕಾರ ಬೆಚ್ಚಿ ಮೇಜಿನ ಅಂಚು ಹಿಡಿದುಕೊಂಡ.

ತಾಯಿ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ನೇಯ್ಗೆ ಗಿರಣಿಯ ಮಗ್ಗಗಳ ನಡುವೆ ಆಯುಸ್ಸು ಸವೆಸಿ, ಅವುಗಳ ಅಬ್ಬರಕ್ಕೆ ಕಿವಿಯನ್ನೇ ಒಪ್ಪಿಸಿ ಅವನು ಮನೆ ಸೇರಿದ ಮೇಲೆ ಸುತ್ತಲೂ ಮೌನ ಹಿಂಜಿದ ಹತ್ತಿಯ ಹಾಗೆ ತುಂಬಿಕೊಂಡಿತ್ತು. ಒಂದು ಬೆಳಗ್ಗೆ ಆ ಹತ್ತಿಯೊಳಗಿಂದ ಅವಳ ದನಿ ಬಂತು. ಚಿಕ್ಕವನಿದ್ದಾಗ ಒಲೆಯ ಮುಂದೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳುತ್ತಿದ್ದ ಅದೇ ಕಥೆ, ಅದೇ ಪದ್ಯ, ಉಸಿರೆಳೆದುಕೊಳ್ಳುವಲ್ಲಿ ಅದೇ ಸಣ್ಣ ತಡೆ. ಇದು ದೇವರು ಕರುಣಿಸಿ ಕೊಟ್ಟದ್ದೆಂದು ಅವನು ನಂಬಿದ. ಏಳುತ್ತಲೇ ಮುಖ ತೊಳೆದು, ಗೋಡೆಗೊರಗಿ, ಕೈಮುಗಿದ ಹಾಗೆ ಬೆರಳು ಹೆಣೆದು ಕೂತು ಕೇಳುತ್ತಿದ್ದ. ಹೆಂಡತಿಗೂ ಹೇಳಿರಲಿಲ್ಲ. ಹೇಳಿದರೆ ನಿಂತುಹೋದೀತೆಂಬ ಅಳುಕು ಒಂದು, ತಲೆ ಕೆಟ್ಟಿದೆ ಅಂದಾಳೆಂಬ ಅಳುಕು ಇನ್ನೊಂದು.

ಯಂತ್ರ ತೊಡಿಸಿದ ಕಿವಿ ಕೇಂದ್ರದ ಹುಡುಗಿ ಬಾಗಿ ಅವನ ಮುಖ ನೋಡಿದಳು. ಬೇರೆ ಯಾರಿಗೂ ಕೇಳಿಸದ ಹಾಡೋ ಮಾತೋ ಇಷ್ಟು ದಿನ ಕೇಳಿಸುತ್ತಿತ್ತೇ ಎಂದು, ಊಟವಾಯಿತೇ ಎಂದು ಕೇಳುವಷ್ಟು ಸಲೀಸಾಗಿ ಕೇಳಿದಳು. ಆ ಸಲೀಸಿಗೆ ಸೋತು ಅವನು ಎಲ್ಲವನ್ನೂ ಹೇಳಿಬಿಟ್ಟ. ಇದು ಹುಚ್ಚೂ ಅಲ್ಲ, ಅಪರೂಪವೂ ಅಲ್ಲ ಎಂದಳು ಹುಡುಗಿ. ಸದ್ದಿಗೆ ಹಸಿದ ಕಿವಿ ತನಗೆ ತಾನೇ ಬೇಯಿಸಿಕೊಂಡು ಉಣ್ಣುತ್ತದೆ. ಹೊರಗಿನ ಸದ್ದು ಸಿಗತೊಡಗಿದ ಮೇಲೆ ಎಷ್ಟೋ ಜನರಿಗೆ ಅದು ತಾನಾಗಿ ನಿಂತುಹೋಗುತ್ತದೆ. ಅವಳು ಒಳ್ಳೆಯ ಸುದ್ದಿಯೆಂದೇ ಇದನ್ನು ಹೇಳಿದ್ದು.

"ಹಾಗಾದ್ರೆ ಇದನ್ನ ವಾಪಸ್ ಕೊಡಬಹುದೇನಮ್ಮಾ?"

ಹುಡುಗಿ ನಗಲಿಲ್ಲ. "ಒಂದು ವಾರ ಇಟ್ಕೊಳ್ಳಿ ತಾತ. ಬೇಡ ಅನ್ನಿಸಿದ್ರೆ ತಂದುಕೊಡಿ, ಸರದೀಲಿ ಇನ್ನೊಬ್ರು ಕಾಯ್ತಿದಾರೆ. ಆದ್ರೆ ಮನೇಲಿ ಯಾರ ಮಾತು ಕೇಳ್ಬೇಕು ಅಂತ ಆಸೆ ಇದೆಯೋ, ಅವರೆದುರು ಒಂದ್ಸಲ ಕೂತು ನೋಡಿ."

ವಾರವೆಲ್ಲ ಯಾಕೆ, ನಾಳೆಯೇ ತಂದುಕೊಡುವುದೆಂದು ಅವನು ಮೆಟ್ಟಿಲಿಳಿಯುವಾಗಲೇ ತೀರ್ಮಾನಿಸಿದ್ದ. ಈ ಯಂತ್ರಕ್ಕಾಗಿ ಚಪ್ಪಲಿ ಸವೆಸಿದವಳು, ಕೇಂದ್ರದಲ್ಲಿ ಅವನ ಹೆಸರು ಬರೆಸಿದವಳು ಹೆಂಡತಿ. ಅವಳ ಸಮಾಧಾನಕ್ಕೆ ಒಂದು ಸಂಜೆ ಹಾಕಿಕೊಂಡಿದ್ದರಾಯಿತು. ಬೀದಿಯಲ್ಲಿ ಯಾರೋ ಬೆನ್ನು ಹತ್ತಿದ್ದಾರೆಂದು ತಿರುಗಿ ತಿರುಗಿ ನೋಡಿದ. ಅದು ಅವನದೇ ಹೆಜ್ಜೆ. ತಿರುವಿನ ಮರದಡಿ ನಿಂತು ಯಂತ್ರ ಕಿತ್ತು ಅಂಗೈಯಲ್ಲಿ ಹಿಡಿದ. ಪದ್ಯ ಬರಲಿಲ್ಲ. ಹತ್ತಿಯ ಮೆತ್ತನೆಯೂ ಇಲ್ಲ, ಬಾಡಿಗೆಯವರು ಬಿಟ್ಟುಹೋದ ಮನೆಯಂಥ ಒಂದು ಬರಿದು. ತಾಯಿ ಮುನಿಸಿಕೊಂಡಿದ್ದಾಳೆ, ಇನ್ನೂ ತಡಮಾಡಿದರೆ ಬರುವುದೇ ಇಲ್ಲವೇನೋ ಎನ್ನಿಸಿದರೂ, ಹೆಂಡತಿಯ ಆ ಒಂದು ಸಂಜೆಗಾಗಿ ಅವನು ಭಾರವಾದ ಮನಸ್ಸಿನಿಂದ ಯಂತ್ರವನ್ನು ಮತ್ತೆ ಕಿವಿಗೆ ಸೇರಿಸಿದ.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ದಿಂಬಿನ ಚೀಲ ಹೊಲಿಯುತ್ತಿದ್ದಳು. ಅದರ ಟಕಟಕ ಹೊಸ್ತಿಲಲ್ಲೇ ಅವನನ್ನು ಎದುರುಗೊಂಡಿತು. ಅವಳು ಕಾಲು ನಿಲ್ಲಿಸಿ, ಎದ್ದು ಬಂದು, ಅವನ ಕಿವಿಯನ್ನು ಮಗುವಿನ ಮುಖ ನೋಡಿದ ಹಾಗೆ ನೋಡಿದಳು. ಕೇಳಿಸುತ್ತಾ ಎಂದು ಅವಳ ತುಟಿ ಕೇಳಿತು.

ತುಟಿ ಅಷ್ಟೇ. ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು, ಅವಳ ಬಳೆ ಕೇಳುತ್ತಿತ್ತು. ಅವಳ ದನಿ ಮಾತ್ರ ಕೇಳಿಸಲಿಲ್ಲ. ಇನ್ನೊಮ್ಮೆ ತುಟಿ ಆಡಿತು, ಏನೂ ಬರಲಿಲ್ಲ. ನಿನ್ನ ದನಿ ಇದಕ್ಕೆ ಸಿಗುವುದಿಲ್ಲ, ನನಗೆ ಹೊಂದುವ ಯಂತ್ರವಲ್ಲ ಇದು, ನಾಳೆಯೇ ವಾಪಸು ಕೊಡುತ್ತೇನೆ ಎಂದು ಅವನು ಹೇಳಿದ. ಒಳಗೊಳಗೇ ಹಗುರಾದ. ವಾಪಸು ಕೊಡಲು ನೆಪ ತಾನಾಗಿ ಬಂದು ಕೈಗೆ ಬಿದ್ದಿತ್ತು. ಹೆಂಡತಿಯ ಮುಖ ಮಾತ್ರ ನೆಂದ ಕಾಗದದ ಹಾಗೆ ಕುಸಿಯಿತು.

ಅಷ್ಟರಲ್ಲಿ ಬೀದಿಯಿಂದ ಪಕ್ಕದ ಮನೆಯಾಕೆ, ಚೀಲ ಹೊಲಿದಾಯಿತೇ ಎಂದು ಕೂಗಿದಳು.

"ನಾಳೆ ಬಾರೇ, ಇನ್ನೂ ಅಂಚು ಮಡಚಿಲ್ಲ."

ನೇಕಾರ ಕೋಣೆಯಲ್ಲಿ ಇನ್ಯಾರಿದ್ದಾರೆಂದು ಹುಡುಕಿದ. ಒಣ ಬಟ್ಟೆ ಹರಿದಂಥ, ತುಸು ಒಡೆದ ಮುದಿ ದನಿ. ಅವನ ನೆನಪಿನಲ್ಲಿದ್ದ ಹೆಂಡತಿಯ ದನಿಗೆ ಅದು ದೂರದ ಸಂಬಂಧಿಯೂ ಅಲ್ಲ. ಆದರೆ ಬಾಗಿಲ ಕಡೆ ತಿರುಗಿದ್ದ ಬಾಯಿ ಅವಳದೇ.

"ಅವಳ ಜೊತೆ ಮಾತಿಗೆ ನಿನಗೆ ದನಿ ಇದೆ. ನನ್ನ ಜೊತೆಗ್ಯಾಕೆ ಇಲ್ಲ?"

ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡಳು. ಅವಳೂ ಅದೇ ಗಿರಣಿಯಲ್ಲಿ ನೂಲು ಸುತ್ತಿದವಳು. ಅಲ್ಲಿನ ಅಬ್ಬರದಲ್ಲಿ ದನಿ ಖರ್ಚು ಮಾಡುವವರು ಹೊಸಬರು ಮಾತ್ರ. ಹಳಬರದ್ದೆಲ್ಲ ತುಟಿಯ ಮಾತು. ಇವರಿಬ್ಬರ ಮದುವೆಯ ಮಾತೂ ನಡೆದದ್ದು ಹಾಗೆಯೇ, ಮಗ್ಗಗಳ ಸಾಲಿನ ಈಚೆಯಿಂದ ಆಚೆಗೆ. ಅವನ ಕಿವಿ ಹೋದ ಮೇಲೆ ಅವಳು ಮನೆಯಲ್ಲೂ ಆ ಮಾತಿಗೇ ಮರಳಿದ್ದಳು. ದನಿ ಇದ್ದರೂ ಇಲ್ಲದಿದ್ದರೂ ಅವನಿಗೆ ಒಂದೇ ಆಗಿದ್ದರಿಂದ ಅವನಿಗೆ ಗೊತ್ತಾಗಿರಲಿಲ್ಲ. ಅಭ್ಯಾಸವಾಗಿಬಿಟ್ಟಿದ್ದರಿಂದ ಅವಳಿಗೂ ಅದು ಮರೆತೇಹೋಗಿತ್ತು.

ಸ್ವಲ್ಪ ದನಿ ಕೊಟ್ಟು ಮಾತಾಡು ಎಂದ ಅವನು. ಅವಳು ಗಂಟಲು ಸರಿಮಾಡಿಕೊಂಡಳು. ಅವನ ಮುಖ ನೋಡಿದಳು, ಬಾಯಿ ತೆರೆದಳು, ಮತ್ತೆ ಬರೀ ತುಟಿ. ಮೊಮ್ಮಕ್ಕಳನ್ನು ಕಂಡ ಹೆಂಗಸು ಹೊಸ ಸೊಸೆಯ ಹಾಗೆ ಕೆಂಪಾಗಿ, ತೊಳೆದಿಟ್ಟ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಹಿತ್ತಿಲಿಗೆ ನಡೆದುಬಿಟ್ಟಳು.

ಅವನು ಹಿಂದೆಯೇ ಹೋಗಿ ಮೆಟ್ಟಿಲ ಮೇಲೆ ಕೂತ. ಅವಳು ಹಾಸಿಗೆಯ ದೊಡ್ಡ ಹೊದಿಕೆಯನ್ನು ಒದರಿ ತಂತಿಯ ಮೇಲೆ ಹರವಿ, ಅದರ ಆಚೆಗೆ ಸರಿದಳು. ಒದ್ದೆ ಬಟ್ಟೆಯ ಮೇಲೆ ಇಳಿಬಿಸಿಲು ಹಾಲಿನ ಹಾಗೆ ಹರಡಿತು. ಮುಖ ಮರೆಯಾಯಿತು. ಬಟ್ಟೆಯ ಆಚೆಯಿಂದ ದನಿ ಬಂತು.

"ರೀ, ಮೊದಮೊದಲು ಕೂಗಿಯೇ ಹೇಳ್ತಿದ್ದೆ. ಕಾಲಿಗೆ ಎಣ್ಣೆ ಹಚ್ಚಲಾ ಅಂತ ನಿಮ್ಮನ್ನ ಕೇಳಿದ್ರೆ, ಬೀದಿಯವರೆಲ್ಲ ಬಂದು ನಿಮ್ಮ ಕಾಲು ವಿಚಾರಿಸ್ಕೊಂಡು ಹೋಗೋರು. ಗಂಡ ಹೆಂಡ್ತಿ ಮಾತು ಊರಿಗೆಲ್ಲ ಯಾಕೆ ಅನ್ನಿಸ್ತು. ಅದಕ್ಕೇ ದನಿ ನಿಲ್ಲಿಸ್ದೆ." ದನಿ ತಡವರಿಸಿತು, ಮತ್ತೆ ದಾರಿ ಹಿಡಿಯಿತು. "ನೀವು ಬೆನ್ನು ಹಾಕಿದಾಗ ಮಾತ್ರ ಜೋರಾಗೇ ಬೈಕೊಂಡಿದೀನಿ. ಅದನ್ನೆಲ್ಲ ಈಗ ಕೇಳ್ಬೇಡಿ."

"ಬೈದದ್ದನ್ನೇ ಹೇಳು."

"ಯಂತ್ರ ವಾಪಸ್ ಕೊಡ್ತೀನಿ ಅಂತಿದ್ರಲ್ಲ."

ಅವನ ಕೈ ಕಿವಿಯವರೆಗೆ ಹೋಯಿತು. ಅಲ್ಲೇ ಕೊಂಚ ತಡೆದು, ಮೊಣಕಾಲ ಮೇಲೆ ಇಳಿಯಿತು.

"ಹೇಳು, ಕೇಳಿಸ್ತಿದೆ."

ಅವಳು ಹೇಳತೊಡಗಿದಳು. ಮಳೆಯಲ್ಲಿ ಕೊಡೆ ಮರೆತು ಬಂದದ್ದು, ಮಗಳ ಹೆರಿಗೆಯ ದಿನ ನಿದ್ದೆ ಹೋದದ್ದು, ಅವನಿಗೇ ಮರೆತುಹೋಗಿದ್ದ ಅವನ ತಪ್ಪುಗಳೆಲ್ಲ ಆ ಒಡಕು ದನಿಯಲ್ಲಿ ಒಂದೊಂದಾಗಿ ಬಂದವು. ಬಕೆಟ್ಟು ಯಾವಾಗಲೋ ಖಾಲಿಯಾಗಿತ್ತು. ಅವಳು ಈಚೆಗೆ ಬರಲಿಲ್ಲ. ಹೊದಿಕೆಯ ಅಂಚಿನ ಕೆಳಗೆ ಅವಳ ಪಾದಗಳೆರಡೇ ಕಾಣುತ್ತಿದ್ದವು. ಬಟ್ಟೆಯ ನೀರು ತೊಟ್ಟು ತೊಟ್ಟಾಗಿ ಇಳಿದು ಬೆರಳುಗಳ ಸುತ್ತ ಮಣ್ಣನ್ನು ಕಪ್ಪಾಗಿಸುತ್ತಿತ್ತು.