ಕಟಿಂಗ್ ಮೇಷ್ಟ್ರ ಪುಸ್ತಕ

ಪುಸ್ತಕ ಬೈಂಡ್ ಮಾಡುವ ಆ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ಇಪ್ಪತ್ತೆರಡು ವರ್ಷ ನಿಂತವರಿಗೆ ಎಲ್ಲರೂ ಇಟ್ಟ ಹೆಸರು ಕಟಿಂಗ್ ಮೇಷ್ಟ್ರು. ಯಾರಿಗಾದರೂ ಪಾಠ ಹೇಳಿದ್ದುಂಟೇ ಅಂದರೆ, ಅದು ಮಾತ್ರ ಇಲ್ಲ. ಅಂಥವರನ್ನು ಯಜಮಾನರು ಒಂದು ದಿನ ಕರೆದು, "ಹೊಸಬರು ಓದಿ ತಾವೇ ಕಲಿಯೋ ಹಾಗೆ ಒಂದು ಪುಸ್ತಕ ಮಾಡಿ. ಹೊರಗಿನವರನ್ನ ಕರೆಸಿ ತರಬೇತಿ ಕೊಡಿಸೋ ಶಕ್ತಿ ನಮಗಿಲ್ಲ" ಎಂದರು.

ಪ್ರೆಸ್ಸಿನಲ್ಲಿ ಕಾಗದಕ್ಕೇನು ಬರ? ಅಂಚು ಕತ್ತರಿಸಿ ಉಳಿದ ಚೂರುಗಳಲ್ಲೇ ಮೇಷ್ಟ್ರು ಅಂಗೈಯಗಲದ ಹನ್ನೆರಡು ಪುಟ ಹೊಲಿದರು. ಚಿತ್ರವನ್ನೂ ತಾವೇ ಬರೆದರು. ಕೈಗಳು ಬದನೆಕಾಯಿಯ ಹಾಗೆ ಬಂದಿದ್ದವು, ನಿಜ. ಆದರೆ ಯಾವ ಕೈ ಎಲ್ಲಿರಬೇಕೆಂಬುದು ಮಗುವಿಗೂ ತಿಳಿಯುವಂತಿತ್ತು. ಏಳನೆಯ ಪುಟದಲ್ಲಿ ಒಂದೇ ಸಾಲು: "ಬ್ಲೇಡು ಇಳಿಸಲು ಎರಡೂ ಕೈಯಿಂದ ಎರಡೂ ಗುಂಡಿ ಒತ್ತಬೇಕು."

ಹೊಸದಾಗಿ ಸೇರಿದ ಹೆಂಗಸಿನ ಕೈಗೆ ಅದನ್ನು ಕೊಟ್ಟು, ಮಧ್ಯೆ ಯಾರೂ ಬಾಯಿ ಹಾಕಬಾರದೆಂದು ಯಜಮಾನರು ಕಟ್ಟಪ್ಪಣೆ ಮಾಡಿದರು. ಎರಡು ದಿನ ಅವಳ ಕೆಲಸದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೋಡುತ್ತಾರೆ, ಎಡಗಡೆಯ ಗುಂಡಿಯನ್ನು ಅದುಮಿ ಅದರ ಮೇಲೆ ಬೈಂಡಿಂಗಿನ ಬಟ್ಟೆಪಟ್ಟಿ ಅಂಟಿಸಿಬಿಟ್ಟಿದ್ದಾಳೆ! ಎಡಗೈ ಬ್ಲೇಡಿನ ಕೆಳಗೆ ಕಾಗದ ಹಿಡಿದಿದೆ, ಬಲಗೈ ಇನ್ನೊಂದು ಗುಂಡಿ ಒತ್ತಲು ಹೊರಟಿದೆ.

ಮೇಷ್ಟ್ರು ಓಡಿಹೋಗಿ ಸ್ವಿಚ್ ಆರಿಸಿದರು. "ಏನಮ್ಮಾ ಇದು?"

"ಒಂದೇ ಕೈಲಿ ಆಗುತ್ತಲ್ಲ ಮೇಷ್ಟ್ರೇ, ಬೇಗಾನೂ ಆಗುತ್ತೆ. ಎರಡು ಯಾಕೆ ಅಂತ ನಿಮ್ಮ ಪುಸ್ತಕದಲ್ಲಿ ಇಲ್ವಲ್ಲ."

"ಕೈ ಹೋಗುತ್ತಮ್ಮಾ!"

ಅವಳು ಅವರ ಎಡಗೈಯ ಅರ್ಧ ಕಿರುಬೆರಳನ್ನು ನೋಡಿದಳು. "ನಿಮ್ಮ ಬೆರಳು ಹೋಗಿದ್ದು ಗುಂಡಿ ಕೆಟ್ಟಿದ್ದಕ್ಕಲ್ವಾ? ಆಗಿನ ಮೆಕ್ಯಾನಿಕ್ ಸರಿಯಾಗಿ ನೋಡ್ಲಿಲ್ಲ ಅಂತ ಎಲ್ರೂ ಹೇಳ್ತಾರೆ."

ಎಲ್ಲರೂ ಹೇಳುತ್ತಿದ್ದುದು ಮೇಷ್ಟ್ರೇ ಹೇಳಿಕೊಟ್ಟದ್ದನ್ನು. ಒಂಬತ್ತು ವರ್ಷದ ಹಿಂದೆ ಇದೇ ಗುಂಡಿಗೆ ಇಂಥದೇ ಪಟ್ಟಿ ಅಂಟಿಸಿದವರು ಅವರು. ರಕ್ತ ಸೋರುತ್ತಿರುವಾಗಲೇ ಪಟ್ಟಿ ಕಿತ್ತು ಜೇಬಿಗೆ ಹಾಕಿಕೊಂಡು, ಗುಂಡಿ ಕೆಟ್ಟಿತ್ತು ಎಂದುಬಿಟ್ಟಿದ್ದರು. ಕೆಲಸ ಕಳೆದುಕೊಂಡದ್ದು ಮೆಕ್ಯಾನಿಕ್. ಅವನು ಬೇರೆ ಯಾರೂ ಅಲ್ಲ, ಮೇಷ್ಟ್ರ ಹೆಂಡತಿಯ ಒಡಹುಟ್ಟಿದ ತಮ್ಮ. ಅಂದಿನಿಂದ ಅವನು ಅಕ್ಕನ ಮನೆಯ ಹೊಸ್ತಿಲು ತುಳಿದಿಲ್ಲ. ಗಂಡನ ಬೆರಳು ತಿಂದವನೆಂದು ಅಕ್ಕನೂ ಕರೆದಿಲ್ಲ.

ಈಗಲೂ "ಪಟ್ಟಿ ಅಂಟಿಸಬೇಡಿ" ಎಂದೊಂದು ಸಾಲು ಸೇರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಬರೀ ಸಾಲನ್ನು ಇವಳು ನಂಬಲಿಲ್ಲ. ನಾಳೆ ಬರುವವರು ಯಾಕೆ ನಂಬಿಯಾರು? ಮೇಷ್ಟ್ರಿಗೆ ನಾಚಿಕೆಗಿಂತ ಹೆಚ್ಚು ಭಯವಾಯಿತು.

ಮಧ್ಯಾಹ್ನ ಏಳನೆಯ ಪುಟವನ್ನು ಹೊಸದಾಗಿ ಬರೆದು, ಊಟಕ್ಕೆಂದು ಮನೆಗೆ ಹೋದವರು ಅದನ್ನು ಹೆಂಡತಿಯ ಮುಂದಿಟ್ಟರು. "ಪ್ರೆಸ್ಸಿನವರು ಓದೋಕೆ ಮುಂಚೆ ನೀನು ಓದು."

ಪುಟದಲ್ಲಿ ಹೀಗಿತ್ತು: "ಗುಂಡಿ ಕೆಟ್ಟಿರಲಿಲ್ಲ. ಪಟ್ಟಿ ಅಂಟಿಸಿದವನು ನಾನು. ಮೆಕ್ಯಾನಿಕ್‌ನದು ಏನೂ ತಪ್ಪಿರಲಿಲ್ಲ."

ಅವಳು ಎರಡು ಸಲ ಓದಿದಳು. ಬಾಯಿತುಂಬ ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತು. ಅವಳು ಹಾಳೆಯನ್ನು ಕೆಳಗಿಟ್ಟಳು.

"ಇಷ್ಟು ವರ್ಷ ನನ್ನ ಬಾಯಿಂದ ಅವನಿಗೆ ಶಾಪ ಹಾಕಿಸಿದ್ರಲ್ರೀ," ಎಂದಳು ಕೊನೆಗೆ.

ಆಮೇಲೆ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡಳು.

"ಇದನ್ನ ಎಷ್ಟು ಪ್ರತಿ ಮಾಡ್ತೀರಿ?"

"ನಲವತ್ತು."

"ಇನ್ನೊಂದು ಮಾಡಿ. ನೀವೇ ತಗೊಂಡು ಹೋಗಿ ಅವನ ಕೈಗೆ ಕೊಡಿ. ಓದಿ ಮುಗಿಸೋವರೆಗೂ ಅಲ್ಲೇ ನಿಂತಿರಿ."