ಧರ್ಮತಂದೆಯಾಗಲು ಒಪ್ಪಿಕೊಂಡ ಕಪ್ತಾನ

ನಮ್ಮ ಜಿಸಿಮೋಸ್ ಹಾಯಿದೋಣಿಯ ಕಪ್ತಾನ. ಬೇಸಗೆಯಲ್ಲಿ ಪರದೇಶದವರನ್ನು ಹತ್ತಿಸಿಕೊಂಡು, ಒಂದು ವಾರ ಸಣ್ಣಪುಟ್ಟ ದ್ವೀಪಗಳನ್ನೆಲ್ಲ ಸುತ್ತಿಸಿ, ಮತ್ತೆ ತಂದು ಬಿಡುವುದು ಅವನ ಕಸುಬು. ದೋಣಿಯಲ್ಲಿ ಅಡುಗೆ ನನ್ನದು. ವಯಸ್ಸಾದವನಾದ್ದರಿಂದ ಎಲ್ಲರಿಗೂ ನಾನು ಬಾರ್ಬಾ, ಅಂದರೆ ದೊಡ್ಡಪ್ಪ.

ಗಾಳಿಯೊಡನೆ, ಬಂದರಿನ ಕಾವಲಿನವರೊಡನೆ, ತನ್ನ ಲಂಗರಿನ ಸರಪಳಿಯ ಮೇಲೆ ತಮ್ಮದನ್ನು ಹಾಕಿದವರೊಡನೆ ಹೊತ್ತು ಮುಳುಗುವ ತನಕ ಜಗಳವಾಡಬಲ್ಲ ಗಂಡಸು ಅವನು. ಆದರೆ ಎವ್ದೋಕಿಯಾಳ ಮುಂದೆ ನಿಂತರೆ ಮಾತ್ರ ನಾಲಿಗೆ ದೋಣಿಯ ಹುಟ್ಟಿನ ಹಾಗೆ ಮರವಾಗಿಬಿಡುತ್ತಿತ್ತು. ಎವ್ದೋಕಿಯಾ ದ್ರಿಮೋನಾ ದ್ವೀಪದ ಬಂದರಿನಲ್ಲಿ ಬ್ರೆಡ್ ಸುಡುವವಳು. ಅವಳ ಗಂಡ ಮೀನಿಗೆ ಹೋದವನು ಹಿಂದಿರುಗಲಿಲ್ಲ. ಆಗ ಮಗು ಹೊಟ್ಟೆಯಲ್ಲಿತ್ತು. ಸೂತಕ, ದುಃಖ ಅಂತ ಆ ಹೆಣ್ಣುಮಗುವಿಗೆ ಜ್ಞಾನಸ್ನಾನವೂ ಆಗಿರಲಿಲ್ಲ, ಹೆಸರೂ ಇರಲಿಲ್ಲ. ಊರೆಲ್ಲ ಪಾಪು ಎನ್ನುತ್ತಿತ್ತು. ಪಾಪು ಆಗಲೇ ಓಡಾಡುತ್ತಿತ್ತು, ಬೈಯುವುದನ್ನೂ ಕಲಿತಿತ್ತು.

ಎರಡು ಬೇಸಗೆಯಿಂದ ಜಿಸಿಮೋಸ್ ಪ್ರತಿ ವಾರ ಅವಳ ಅಂಗಡಿಗೆ ಹೋಗಿ, "ಹತ್ತು ಬ್ರೆಡ್" ಎಂದು ಹೇಳಿ, ಅದನ್ನು ಅಪ್ಪಿಕೊಂಡು ವಾಪಸು ಬರುತ್ತಿದ್ದ. ಅಷ್ಟನ್ನು ತಿನ್ನಲು ದೋಣಿಯಲ್ಲಿ ಬಾಯಿಗಳಿರಲಿಲ್ಲ. ದ್ರಿಮೋನಾದ ಮೀನುಗಳು ನಮ್ಮ ಹಾಯಿ ಕಂಡರೆ ಸಾಕು, ಬಾಯಿ ತೆರೆದುಕೊಂಡು ಮೇಲೆ ಬರುತ್ತಿದ್ದವು.

ಆ ಸೋಮವಾರ ನಮ್ಮ ದೋಣಿಗೆ ಹಾಲೆಂಡಿನ ಗಂಡಹೆಂಡತಿ ಬಂದಿದ್ದರು, ವಿಮ್ ಮತ್ತು ಹನ್ನೆಕೆ. ಹಾಯಿ ಏರಿಸುವ ಹೊತ್ತಿಗೆ ಸರಿಯಾಗಿ ಜಿಸಿಮೋಸನ ಫೋನು ಕೂಗಿತು. ಕೇಳಿಸಿಕೊಂಡ, ಕೆಂಪಾದ, "ಆಯ್ತು, ಆಯ್ತು, ಖಂಡಿತ" ಎಂದ. ಆಮೇಲೆ ಹಗ್ಗ ಬಿಟ್ಟು ನನ್ನ ಹತ್ತಿರ ಓಡಿ ಬಂದ.

"ಬಾರ್ಬಾ! ಅವಳೇ ಫೋನ್ ಮಾಡಿದ್ಳು! ಅವಳಾಗವಳೇ!"

"ಏನಂತೆ?"

"ಭಾನುವಾರ ಪಾಪೂಗೆ ಜ್ಞಾನಸ್ನಾನ. ಧರ್ಮತಂದೆ ಆಗಿ ನೀನೇ ಎಣ್ಣೆ ಹಚ್ಬೇಕು ಅಂದ್ಳು. ಇಷ್ಟು ದ್ವೀಪದಲ್ಲಿ ಇಷ್ಟು ಗಂಡಸ್ರಿದ್ರೂ ನಾನೇ ಬೇಕಂತೆ!"

"ನೀನೇನಂದೆ?"

"ಒಪ್ಕೊಂಡೆ! ಎರಡೆರಡು ಸಲ ಒಪ್ಕೊಂಡೆ!"

ನಾನು ಈರುಳ್ಳಿ ಹೆಚ್ಚುತ್ತಿದ್ದ ಚಾಕುವನ್ನು ಕೆಳಗಿಟ್ಟೆ.

"ಕೂತ್ಕೋ ಮಗ. ಧರ್ಮತಂದೆ ಆದೋನು ಮಗೂ ತಾಯಿಗೆ ಏನಾಗ್ತಾನೆ?"

"ನೆಂಟ ಆಗ್ತಾನೆ. ರಕ್ತಕ್ಕಿಂತ ಹತ್ತಿರದ ನೆಂಟ."

"ಆ ನೆಂಟ ಅವಳನ್ನ ಮದುವೆ ಆಗ್ಬಹುದಾ?"

ಮೇಲೆ ಹಾಯಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಜಿಸಿಮೋಸ್ ಆಕಾಶ ನೋಡಿದ, ನೀರು ನೋಡಿದ, ಕೊನೆಗೆ ಈರುಳ್ಳಿಯನ್ನು ನೋಡಿದ.

"ಅಯ್ಯೋ ಮೇರಿಮಾತೆ," ಎಂದ.

ಅಣ್ಣತಂಗಿಗೆ ಹೇಗೆ ಮದುವೆಯಿಲ್ಲವೋ ಧರ್ಮತಂದೆಗೂ ಮಗುವಿನ ತಾಯಿಗೂ ಹಾಗೆಯೇ ಇಲ್ಲ. ಯಾವ ಪಾದ್ರಿಯೂ ಮಾಡಿಸುವುದಿಲ್ಲ. ಇದು ನಮ್ಮಲ್ಲಿ ಕೂಸಿಗೂ ಗೊತ್ತು. ಆದರೆ ಪ್ರೀತಿಸಿದವಳು ಫೋನು ಮಾಡಿದಾಗ ಗೊತ್ತಿದ್ದದ್ದು ಯಾರಿಗೆ ನೆನಪಿಗೆ ಬರುತ್ತದೆ? ಈಗ ಆಗುವುದಿಲ್ಲ ಎನ್ನುವಂತೆಯೂ ಇಲ್ಲ. ಎಣ್ಣೆ ಹಚ್ಚು ಎಂದು ಕರೆದಾಗ ಇಲ್ಲ ಎಂದವನ ಬಲೆಗೆ ಮೀನು ಬೀಳುವುದಿಲ್ಲ, ಅವನ ಮುಖವನ್ನು ಊರು ನೋಡುವುದಿಲ್ಲ.

"ಫೋನ್ ಮಾಡು," ಎಂದೆ. "ನಿನ್ನ ಮೇಲೆ ಮನಸ್ಸಿದೆ, ಅದಕ್ಕೇ ಆಗಲ್ಲ ಅಂತ ಹೇಳ್ಬಿಡು."

"ಮನಸ್ಸಿದೆ ಅಂತ ಹೇಳೋಕೆ ಬರ್ತಿದ್ರೆ ನಾನ್ಯಾಕೆ ಅಷ್ಟೊಂದು ಬ್ರೆಡ್ ತಗೊಳ್ತಿದ್ದೆ ಬಾರ್ಬಾ?"

ಕಡೆಗೆ ಅವನೇ ಒಂದು ದಾರಿ ಹುಡುಕಿದ. ತಡ ಮಾಡುವುದು. ಭಾನುವಾರ ನಾವು ತಲುಪದಿದ್ದರೆ ಮಗುವನ್ನು ಎತ್ತಿಕೊಳ್ಳಲು ಬೇರೆ ಯಾರನ್ನಾದರೂ ನಿಲ್ಲಿಸುತ್ತಾರೆ. ತಪ್ಪು ಸಮುದ್ರದ್ದಾಗುತ್ತದೆ, ಅವನದ್ದಲ್ಲ.

ಹೀಗೆ ನಮ್ಮ ವಾರ ಶುರುವಾಯಿತು. ಅತಿಥಿಗಳಿಗೆ ಉಗುಳು ನುಂಗಲೂ ಬಿಡದೆ ಓಡಿಸುತ್ತಿದ್ದ ಕಪ್ತಾನ ಈಗ ಆಡು ಮೇಯುವ ಬಂಡೆ ಕಂಡರೂ ಲಂಗರು ಹಾಕಿದ. ವಿಮ್‌ನಿಗೆ ಚುಕ್ಕಾಣಿ ಹಿಡಿಯುವುದನ್ನು ಕಲಿಸಿದ, ಲಂಗರು ಎತ್ತುವುದನ್ನು ಕಲಿಸಿದ. ಆಕ್ಟೋಪಸ್ ಹಿಡಿದು ಮೆತ್ತಗಾಗಲೆಂದು ಕಲ್ಲಿಗೆ ಬಡಿಯುವುದನ್ನು ಹನ್ನೆಕೆಗೆ ಕಲಿಸಿದ. ಆಕೆ ಅದರ ಕ್ಷಮೆ ಕೇಳಿಕೊಂಡೇ ಬಡಿದಳು. ಇಬ್ಬರಿಗೂ ಸ್ವರ್ಗ ಸಿಕ್ಕಂತಾಗಿತ್ತು. "ಹೋದ ವರ್ಷದ ಕಪ್ತಾನ ಬರೀ ಗಡಿಯಾರ ನೋಡ್ತಿದ್ದ. ಇವನು ಮನುಷ್ಯ" ಎಂದು ಹನ್ನೆಕೆ ತನಗೆ ಬರುವ ಅಷ್ಟಿಷ್ಟು ನಮ್ಮ ಮಾತಿನಲ್ಲಿ ಹೇಳಿದಳು.

ಆದರೆ ಗಾಳಿ ಕೇಳಬೇಕಲ್ಲ. ದ್ರಿಮೋನಾ ಇರುವುದು ದಕ್ಷಿಣಕ್ಕೆ, ಜುಲೈ ಗಾಳಿ ಬೀಸುವುದು ಉತ್ತರದಿಂದ. ಹಾಯಿಯನ್ನು ಅರ್ಧ ಮಡಚಿದರೂ ದೋಣಿ ಹೋಗುತ್ತಿತ್ತು, ಪೂರ್ತಿ ಇಳಿಸಿದರೂ ಹೋಗುತ್ತಿತ್ತು.

"ಈ ಗಾಳಿಗೆ ಜೀವಮಾನವೆಲ್ಲ ಬೈದಿದೀನಿ," ಎಂದ ಜಿಸಿಮೋಸ್. "ಈಗ ತೀರಿಸ್ಕೊಳ್ತಾ ಇದೆ ನೋಡು."

ಸುದ್ದಿ ಗಾಳಿಗಿಂತ ಮೊದಲು ಹೋಗಿತ್ತು. ಯಾವ ಬಂದರಿನ ಕಾಫಿ ಅಂಗಡಿಗೆ ಕಾಲಿಟ್ಟರೂ, "ಮಗು ನೂರು ಕಾಲ ಬಾಳ್ಲಿ, ಧರ್ಮತಂದೆ!" ಎಂದು ಗ್ಲಾಸು ಮುಂದಿಡುತ್ತಿದ್ದರು. ಒಲ್ಲೆ ಎನ್ನುವಂತಿಲ್ಲ, ಕುಡಿಯಬೇಕು. ಒಂದು ದ್ವೀಪದಲ್ಲಿ ಹಳೇ ಪರಿಚಯದ ಹೆಂಗಸೊಬ್ಬಳು ತಾನೇ ಹೊಲಿದ ಪುಟ್ಟ ಬಿಳಿ ಲಂಗವನ್ನು ಅವನ ಕೈಗೆ ತುರುಕಿದಳು. "ಧರ್ಮತಂದೆ ಬಟ್ಟೆ ತರ್ಬೇಕು ಅನ್ನೋದು ನಿಂಗೆಲ್ಲಿ ನೆನಪಿರುತ್ತೆ? ಗಂಡಸು ತಾನೇ!" ಎಂದಳು. ಇನ್ನೊಂದು ಕಡೆ ರಿಬ್ಬನ್ ಕಟ್ಟಿದ ಮೇಣದಬತ್ತಿ ಕೊಟ್ಟರು, ಅವನೆತ್ತರದ್ದು. ಮಲಗುವ ಜಾಗದಲ್ಲಿ ಅವನ ಪಕ್ಕ ಅದೂ ಮಲಗುತ್ತಿತ್ತು.

ಭಾನುವಾರ ಬೆಳಿಗ್ಗೆ ದ್ರಿಮೋನಾ ಕಣ್ಣಿಗೆ ಕಾಣುವಷ್ಟು ದೂರದ ಒಂದು ಖಾಲಿ ಕೊಲ್ಲಿಯಲ್ಲಿದ್ದೆವು. ಜಿಸಿಮೋಸ್ ಹೊಟ್ಟೆನೋವು ಎಂದು ಹೇಳಿ, ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಮಲಗಿಬಿಟ್ಟ. ಹಾಲೆಂಡಿನವರು ಪಾಪ ಒಳ್ಳೆಯ ಜನ. ಅವರಿಗೆ ತಿಳಿದಿದ್ದದ್ದು ಇಷ್ಟೇ: ಇವತ್ತು ಕಪ್ತಾನನಿಗೆ ದೊಡ್ಡ ದಿನ, ಕುಣಿತವಿದೆ, ಹುರಿದ ಆಡಿನ ಮಾಂಸವಿದೆ, ಆದರೆ ಪಾಪದವನು ಕಾಯಿಲೆ ಬಿದ್ದಿದ್ದಾನೆ. ಇಬ್ಬರೂ ಪಿಸಪಿಸ ಮಾತಾಡಿಕೊಂಡರು. ವಿಮ್ ಮೆಲ್ಲಗೆ ಲಂಗರು ಎತ್ತಿದ, ಹಾಯಿ ಬಿಚ್ಚಿದ, ಎದೆಯುಬ್ಬಿಸಿ ಚುಕ್ಕಾಣಿಗೆ ನಿಂತ.

ನಾನು ತಡೆಯಬಹುದಿತ್ತು. ಕಡಲೆ ನೆನೆಹಾಕುತ್ತ ಸುಮ್ಮನೆ ಕೂತೆ. ಬಾಯಿ ಬಿಡದ ಮನುಷ್ಯನನ್ನು ನೀರಿನ ಮೇಲೆ ಎಷ್ಟು ದಿನ ಅಂತ ತೇಲಿಸುವುದು?

ಜಿಸಿಮೋಸ್ ಕಂಬಳಿ ಸರಿಸಿ ಮೇಲೆ ಬಂದಾಗ ಎದುರಿಗೇ ದ್ರಿಮೋನಾದ ಬಂದರು. ಊರಿಗೆ ಊರೇ ದಡದಲ್ಲಿ ನಿಂತಿತ್ತು. ಗಂಟೆ ಹೊಡೆಯುತ್ತಿತ್ತು.

"ಬಂದ್ವಿ!" ಎಂದ ವಿಮ್, ಬೆವರು ಒರೆಸಿಕೊಂಡು.

ನಮ್ಮ ಕಡೆ ಹೆಸರಿಡುವ ತನಕ ತಾಯಿ ಚರ್ಚಿನ ಒಳಗೆ ಬರುವುದಿಲ್ಲ. ಎವ್ದೋಕಿಯಾ ಹೊರಗೆ ಅಂಗಳದಲ್ಲಿ ಹಿಪ್ಪುನೇರಳೆ ಮರದ ಕೆಳಗೆ ನಿಂತಿದ್ದಳು. ಜಿಸಿಮೋಸ್ ಅವಳನ್ನು ನೋಡಲೂ ಇಲ್ಲ. ಪಾಪುವನ್ನು ಅವನ ತೋಳಿಗೆ ಕೊಟ್ಟರು. ಪಾಪು ಅವನ ಮೀಸೆ ಹಿಡಿದುಕೊಂಡಿತು. ಬಾಗಿಲಲ್ಲಿ ಪಾದ್ರಿ ಗ್ರಿಗೋರಿಸ್ ಅವನನ್ನು ಸೈತಾನನ ದಿಕ್ಕಾದ ಪಡುವಣಕ್ಕೆ ತಿರುಗಿಸಿ ನಿಲ್ಲಿಸಿದರು.

"ಸೈತಾನನನ್ನು ತೊರೆಯುವೆಯಾ?"

ಜಿಸಿಮೋಸ್ ಮರದ ಕಡೆ ನೋಡಿದ.

"ಸೈತಾನನನ್ನು ತೊರೆಯುವೆಯಾ?"

ಪಾದ್ರಿ ಪುಸ್ತಕದಿಂದ ತಲೆ ಎತ್ತಿದರು. "ಏನಯ್ಯಾ, ಇದೂ ಯೋಚ್ನೆ ಮಾಡೋ ವಿಷ್ಯನಾ?"

ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು: "ಬಿಟ್ಟೆ ಅನ್ನೋ ಮಾರಾಯ! ನೀರೂ ಆರ್ತಿದೆ, ಅಲ್ಲಿ ಮಾಂಸವೂ ಆರ್ತಿದೆ!"

"ಸೈತಾನನನ್ನ ಬಿಡ್ತೀನಿ ಗುರುಗಳೇ," ಎಂದ ಜಿಸಿಮೋಸ್. "ಅವನ ಜೊತೆ ನಂದೇನೂ ಇಲ್ಲ. ಆದ್ರೆ ಅವಳನ್ನ ಬಿಡೋಕಾಗಲ್ಲ."

ಹೀಗೆಂದು ಮಗುವನ್ನು ಎತ್ತಿಕೊಂಡೇ ಹೊರಟ. ಊರು ಎರಡು ಪಾಲಾಗಿ ದಾರಿ ಬಿಟ್ಟಿತು, ಆಮೇಲೆ ಒಂದಾಗಿ ಹಿಂದೆಯೇ ನಡೆಯಿತು. ಮರದ ಕೆಳಗೆ ಹೋಗಿ ನಿಂತ.

"ಎವ್ದೋಕಿಯಾ, ಇವಳಿಗೆ ನಾನು ಧರ್ಮತಂದೆ ಆಗಲ್ಲ."

"ಯಾಕೆ?"

"ಅಪ್ಪ ಆಗ್ಬೇಕು ಅಂತಿದೀನಿ."

ಅಷ್ಟು ಹೊತ್ತಿಗೆ ಗಂಟೆ ಹೊಡೆಯುವವನೂ ಹಗ್ಗ ಬಿಟ್ಟು ಬಂದಿದ್ದ. ಎವ್ದೋಕಿಯಾ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಇಷ್ಟು ಹೇಳೋಕೆ ನಿನ್ನನ್ನ ಚರ್ಚಿನ ಬಾಗಿಲ ತನಕ ತಳ್ಬೇಕಾಯ್ತಾ?"

"ನಿಂಗೆ ಗೊತ್ತಿತ್ತಾ?"

"ಬೇಯಿಸೋಳು ನಾನು. ಯಾರ ದೋಣೀಲಿ ಎಷ್ಟು ಹೊಟ್ಟೆ ಇದೆ ಅಂತ ಗೊತ್ತಾಗಲ್ವಾ? ನೋಡೋಣ ಅಂತ ಕರೆದೆ. ಬಾಯಿ ಬಿಟ್ರೆ ಗಂಡ, ಬಿಡ್ದಿದ್ರೆ ನೆಂಟ. ಹೇಗೂ ನಂಗೆ ನಷ್ಟ ಇರ್ಲಿಲ್ಲ."

"ಹಾಗಾದ್ರೆ..." ಎಂದ ಜಿಸಿಮೋಸ್. ನಾಲಿಗೆ ಮತ್ತೆ ಮರವಾಗುತ್ತಿತ್ತು.

"ಹೂಂ ಕಣೋ, ಹೂಂ. ಹೋಗು, ಮಗೂಗೆ ಯಾರನ್ನಾದ್ರೂ ಹುಡುಕು ಮೊದ್ಲು. ಒದ್ದಾಡ್ತಿದೆ ಅದು."

ಅವನು ನನ್ನ ಕಡೆ ತಿರುಗಿದ. ಊರೂ ತಿರುಗಿತು. ಕರೆದಾಗ ಇಲ್ಲ ಎನ್ನುವಂತಿಲ್ಲವಲ್ಲ, ನಾನು ಕೈ ಚಾಚಿದೆ. ಸೈತಾನನನ್ನು ತೊರೆದು ಪಡುವಣಕ್ಕೆ ಉಗಿಯಬೇಕಾದಾಗ, ಯಾರೂ ಹೇಳದಿದ್ದರೂ ವಿಮ್ ನನಗಿಂತ ದೂರ ಉಗಿದ. ನಂಬಿಕೆಯ ಪ್ರಾರ್ಥನೆ ನನಗೆ ಅರ್ಧದಲ್ಲಿ ಮರೆತುಹೋಯಿತು. ಉಳಿದದ್ದನ್ನು ಮುದುಕಿಯರು ಹೇಳಿಕೊಟ್ಟರು. ಪಾಪು ನೀರಿಗಿಳಿದು ಪಾದ್ರಿಗೆ ತನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದು, ಅನೆಜೀನಾ ಎಂಬ ಹೆಸರು ಹೊತ್ತು ಮೇಲೆದ್ದಿತು.

ಮಾರನೆಯ ದಿನ ಮನೆಗೆ ಬಂದು ಹೆಂಡತಿ ಕಲಿಯೋಪಿಗೆ ಎಲ್ಲವನ್ನೂ ಹೇಳಿದೆ. ಅವಳು ಅವರೆ ಸುಲಿಯುತ್ತ ಕೇಳಿದಳು.

"ಇನ್ನು ಎವ್ದೋಕಿಯಾನ ನಾನಂತೂ ಮದುವೆ ಆಗೋ ಹಾಗಿಲ್ಲ," ಎಂದೆ.

"ಪಾಪ," ಎಂದಳು, "ಆ ಹುಡುಗಿಗೆ ಅದೊಂದು ಚಿಂತೆ ಕಳೀತು."